ಕಡತದಿಂದ ಕಟ್ಟೆಗೆ: ಮೌಲ್ಯಮಾಪನದ ಫಲಿತಗಳನ್ನು ಒಪ್ಪಿಸಿದ ಬಗೆಗಳು

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗುವ ರೂಢಿ ಕನ್ನಡ ನಾಡಿನ ಹಲವು ಭಾಗಗಳಲ್ಲಿ ಇದ್ದಿತು. ಜಾನಪದ ಅಧ್ಯಯನಗಳಲ್ಲಿ ಇದನ್ನು ಸಮೃದ್ಧಿಯ ಆಶಯವೆಂದು ವಿವರಿಸುವುದು ವಾಡಿಕೆ. ಆ ವಿವರಣೆ ಸರಿಯಾದುದೇ. ಆದರೆ ಈ ಕೂಗಿಗೆ ಇನ್ನೊಂದು ಪ್ರಯೋಜನವೂ ಇದ್ದಿತು. ರಾಶಿಯ ಸುತ್ತ ಒಡೆಯನಿದ್ದನು, ದುಡಿದ ಆಳು ಇದ್ದನು, ಬಡಗಿ, ಕಮ್ಮಾರ ಮೊದಲಾದ ಆಯಗಾರರಿದ್ದರು. ಅಳೆಯುವವನ ಎಣಿಕೆ ಅವರೆಲ್ಲರ ಕಿವಿಗೂ ಬೀಳುತ್ತಿತ್ತು. ಎಣಿಕೆ ತಪ್ಪಿದರೆ ಅಲ್ಲಿಯೇ ತಡೆದು ಕೇಳಬಹುದಾಗಿತ್ತು. ಈ ವ್ಯವಸ್ಥೆ ನ್ಯಾಯವಾದುದಾಗಿತ್ತು ಎಂದು ಇಲ್ಲಿ ಹೇಳುತ್ತಿಲ್ಲ. ಯಾರ ಪಾಲು ಎಷ್ಟೆಂಬುದನ್ನು ಜಾತಿಯೂ ಜಮೀನೂ ಮೊದಲೇ ನಿರ್ಧರಿಸಿರುತ್ತಿದ್ದವು. ಗಮನಿಸಬೇಕಾದುದು ಇಷ್ಟೇ: ಪಾಲುದಾರರ ಸಮ್ಮುಖದಲ್ಲಿ ಕೂಗಿ ಹೇಳಿದ ಲೆಕ್ಕಕ್ಕೂ ಒಡೆಯನ ಮನೆಯ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕಕ್ಕೂ ಅಂಕಿ ಒಂದೇ ಆಗಿದ್ದರೂ ಬೆಲೆ ಬೇರೆಯಾಗಿತ್ತು.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಅಭಿವೃದ್ಧಿ ಕಾರ್ಯಕ್ರಮಗಳ ಚರಿತ್ರೆಯನ್ನು ಬರೆದವರು ಹಲವರು. ಆ ಕಾರ್ಯಕ್ರಮಗಳು ಫಲಿಸಿದವೇ ಇಲ್ಲವೇ ಎಂಬ ತೀರ್ಮಾನವನ್ನು ಯಾರಿಗೆ, ಯಾವ ಭಾಷೆಯಲ್ಲಿ, ಯಾವ ರೂಪದಲ್ಲಿ ಹೇಳಲಾಯಿತು ಎಂಬ ಚರಿತ್ರೆಯ ಕಡೆಗೆ ಹರಿದ ಗಮನ ಕಡಿಮೆ. ಪ್ರಸ್ತುತ ಲೇಖನದಲ್ಲಿ ಈ ದೃಷ್ಟಿಯಿಂದ ಮೂರು ಘಟ್ಟಗಳನ್ನು ಪರಿಶೀಲಿಸುವ ಪ್ರಯತ್ನ ಮಾಡಲಾಗಿದೆ. ಮೊದಲನೆಯದು 1952ರಲ್ಲಿ ಆರಂಭವಾದ ಸರ್ಕಾರಿ ಮೌಲ್ಯಮಾಪನ. ಎರಡನೆಯದು 1994ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ನಾಗರಿಕ ಅಂಕಪಟ್ಟಿ. ಮೂರನೆಯದು ಅದೇ ವರ್ಷದ ಕೊನೆಯಲ್ಲಿ ರಾಜಸ್ಥಾನದಲ್ಲಿ ನಡೆದ ‘ಜನ ಸುನ್‌ವಾಯಿ’. ಶಾಸ್ತ್ರೀಯವಾಗಿ ನೋಡಿದರೆ ಮೌಲ್ಯಮಾಪನ, ಸಮೀಕ್ಷೆ ಮತ್ತು ಲೆಕ್ಕ ಪರಿಶೋಧನೆ ಬೇರೆ ಬೇರೆ. ಆದರೆ ಕಂಡುಕೊಂಡ ಸತ್ಯವನ್ನು ಸಂಬಂಧಪಟ್ಟವರಿಗೆ ಒಪ್ಪಿಸುವ ಸಮಸ್ಯೆ ಮೂರಕ್ಕೂ ಸಮಾನವಾದುದು.

ಮೇಲ್ಮುಖವಾದ ವರದಿ

ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು 1952ರ ಅಕ್ಟೋಬರ್ 2ರಂದು 55 ಯೋಜನಾ ಪ್ರದೇಶಗಳಲ್ಲಿ ಆರಂಭವಾಯಿತು. ಅದೇ ತಿಂಗಳಲ್ಲಿ ಯೋಜನಾ ಆಯೋಗದ ಅಡಿಯಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯೂ ಸ್ಥಾಪನೆಯಾಯಿತು. ಕಾರ್ಯಕ್ರಮವನ್ನು ನಡೆಸುವವರೇ ಅದರ ಗುಣದೋಷಗಳನ್ನು ಅಳೆಯಬಾರದು ಎಂಬ ವಿವೇಕ ಇದರ ಹಿಂದೆ ಇದ್ದಿತು. ಅರ್ಥಶಾಸ್ತ್ರಜ್ಞ ಡಿ.ಜಿ. ಕರ್ವೆ ಅವರು ಅದರ ಮೊದಲ ನಿರ್ದೇಶಕರಾದರು. ಆಯ್ದ ಯೋಜನಾ ಪ್ರದೇಶಗಳಲ್ಲಿ ನೆಲೆಸಿದ ಮೌಲ್ಯಮಾಪನಾಧಿಕಾರಿಗಳು ಹಳ್ಳಿಗಳನ್ನು ಸುತ್ತಿ ಮಾಹಿತಿ ಸಂಗ್ರಹಿಸಿದರು. ಅದರ ಆಧಾರದ ಮೇಲೆ ವಾರ್ಷಿಕ ವರದಿಗಳು ಮುದ್ರಣಗೊಂಡವು.

ಈ ವರದಿಗಳನ್ನು ಇಂದು ಓದುವವರಿಗೆ ಅವುಗಳ ನಿಷ್ಠುರತೆ ಎದ್ದು ಕಾಣುತ್ತದೆ. ಸರ್ಕಾರದ ಸಂಸ್ಥೆಯೊಂದು ಸರ್ಕಾರದ ಅಚ್ಚುಮೆಚ್ಚಿನ ಕಾರ್ಯಕ್ರಮದ ಬಗ್ಗೆ, ಅದರ ಪ್ರಯೋಜನ ಅನುಕೂಲಸ್ಥ ರೈತರಿಗೇ ಹೆಚ್ಚಾಗಿ ಸಂದಿದೆ, ಜನರ ಸ್ವಪ್ರೇರಿತ ಪಾಲ್ಗೊಳ್ಳುವಿಕೆ ಬೆಳೆದಿಲ್ಲ ಎಂಬರ್ಥದ ಮಾತುಗಳನ್ನು ಹೇಳಿತು. ಮಾನವಶಾಸ್ತ್ರಜ್ಞ ಎಸ್.ಸಿ. ದುಬೆ ಅವರು ಪಶ್ಚಿಮ ಉತ್ತರ ಪ್ರದೇಶದ ಎರಡು ಹಳ್ಳಿಗಳನ್ನು ಕುರಿತು ನಡೆಸಿದ ಅಧ್ಯಯನ 1958ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ಮೇಲಿನ ಅಧಿಕಾರಿಗಳಿಗೂ ಊರಿನವರಿಗೂ ನಡುವೆ ಸಿಕ್ಕಿಕೊಂಡ ಗ್ರಾಮಸೇವಕನ ಇಕ್ಕಟ್ಟನ್ನು ಅದು ತೋರಿಸಿತು. ಬಲವಂತರಾಯ ಮೆಹ್ತಾ ಅವರ ನೇತೃತ್ವದ ಅಧ್ಯಯನ ತಂಡವು 1957ರ ನವೆಂಬರ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿ, ಅಧಿಕಾರವನ್ನು ಮೂರು ಹಂತಗಳ ಚುನಾಯಿತ ಸಂಸ್ಥೆಗಳಿಗೆ ವಹಿಸುವಂತೆ ಸಲಹೆ ಮಾಡಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರಿನಲ್ಲಿ ಪಂಚಾಯತ್ ರಾಜ್ ಉದ್ಘಾಟನೆಗೊಂಡಿತು. ಆದ್ದರಿಂದ ಈ ವರದಿಗಳು ನಿಷ್ಫಲವಾದುವೆಂದು ಹೇಳಲಾಗದು. ಓದಬೇಕಾಗಿದ್ದ ಕೆಲವರು ಓದಿದರು; ಓದಿದವರು ಕೆಲವು ನಿರ್ಧಾರಗಳನ್ನೂ ಕೈಗೊಂಡರು.

ಕೊರತೆ ಇದ್ದುದು ಬೇರೆ ಕಡೆಯಲ್ಲಿ. ವರದಿಗಳ ಭಾಷೆ ಇಂಗ್ಲಿಷ್. ಅವುಗಳ ಓದುಗರು ಯೋಜನಾ ಆಯೋಗದ ಸದಸ್ಯರು, ಮಂತ್ರಿಗಳು, ರಾಜ್ಯಗಳ ಹಿರಿಯ ಅಧಿಕಾರಿಗಳು ಮತ್ತು ವಿದ್ವಾಂಸರು. ಪ್ರಶ್ನೆಗೆ ಉತ್ತರ ಕೊಟ್ಟ ರೈತನಿಗೆ ತನ್ನ ಉತ್ತರ ಏನಾಯಿತೆಂದು ತಿಳಿಯುವ ಮಾರ್ಗವಿರಲಿಲ್ಲ. ಮಾಹಿತಿ ಹಳ್ಳಿಯಿಂದ ಮೇಲಕ್ಕೆ ಹೋಯಿತು. ಮೇಲಿನಿಂದ ಆದೇಶ ಕೆಳಕ್ಕೆ ಬಂದಿತು. ತೀರ್ಮಾನ ಮಾತ್ರ ಮೇಲೆಯೇ ಉಳಿಯಿತು. ಜನರ ಪಾಲ್ಗೊಳ್ಳುವಿಕೆ ಸಾಲದೆಂದು ದೂರಿದ ವರದಿಯ ಓದಿನಲ್ಲಿಯೇ ಆ ಜನರಿಗೆ ಪಾಲಿರಲಿಲ್ಲ. ಈ ಸಂಸ್ಥೆ 2015ರಲ್ಲಿ ನೀತಿ ಆಯೋಗದ ಮೌಲ್ಯಮಾಪನ ಕಾರ್ಯಾಲಯದಲ್ಲಿ ವಿಲೀನವಾಯಿತು. ಅದು ಬಿಟ್ಟುಹೋದ ವರದಿಗಳು ಸಂಶೋಧಕರಿಗೆ ಅಮೂಲ್ಯ ಆಕರಗಳಾಗಿವೆ. ಅವು ಯಾವ ಊರುಗಳ ಕಥೆಯೋ ಆ ಊರುಗಳಿಗೆ ಇಂದಿಗೂ ಅಪರಿಚಿತವಾಗಿವೆ.

ಬೆಂಗಳೂರಿನ ಅಂಕಪಟ್ಟಿ

ಸುಮಾರು 40 ವರ್ಷಗಳ ಅನಂತರ ಬೆಂಗಳೂರಿನಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆಯಿತು. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ 1993ರಲ್ಲಿ ನಗರದ ಮನೆಗಳ ಸಮೀಕ್ಷೆಯಾಯಿತು. ನೀರು, ವಿದ್ಯುತ್ತು, ದೂರವಾಣಿ, ನಗರಪಾಲಿಕೆ, ನಿವೇಶನ ಮೊದಲಾದ ಸೇವೆಗಳ ಬಗ್ಗೆ ಬಳಕೆದಾರರ ಅಭಿಪ್ರಾಯವನ್ನು ಕೇಳಲಾಯಿತು. ಕೊಳೆಗೇರಿಗಳ ನಿವಾಸಿಗಳ ಅನುಭವವನ್ನು ಪ್ರತ್ಯೇಕವಾಗಿ ದಾಖಲಿಸಲಾಯಿತು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ಸ್ಥಾಪನೆಯಾದ ಪಬ್ಲಿಕ್ ಅಫೇರ್ಸ್ ಸೆಂಟರ್ ಈ ಕಾರ್ಯವನ್ನು ಮುಂದುವರಿಸಿತು. 1999 ಮತ್ತು 2003ರಲ್ಲಿ ಮತ್ತೆರಡು ಸಮೀಕ್ಷೆಗಳು ನಡೆದವು.

ಜಾನಪದ ವಿದ್ಯಾರ್ಥಿಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆಯ್ದುಕೊಂಡ ರೂಪ. ಸಮೀಕ್ಷೆಯ ಫಲಿತವನ್ನು ಶಾಲೆಯ ಅಂಕಪಟ್ಟಿಯ ರೂಪದಲ್ಲಿ ಕೊಡಲಾಯಿತು. ಅಂಕಪಟ್ಟಿ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಅದರಲ್ಲಿ ಒಬ್ಬ ಪರೀಕ್ಷಕನಿರುತ್ತಾನೆ, ಒಬ್ಬ ವಿದ್ಯಾರ್ಥಿಯಿರುತ್ತಾನೆ, ನೋಡಿ ರುಜು ಹಾಕಬೇಕಾದ ತಂದೆಯೋ ತಾಯಿಯೋ ಇರುತ್ತಾರೆ. ಈ ರೂಪವನ್ನು ಇಲಾಖೆಗಳಿಗೆ ಅನ್ವಯಿಸಿದೊಡನೆ ಸ್ಥಾನಗಳು ಅದಲುಬದಲಾದವು. ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಲ್ಲುತ್ತಿದ್ದವನು ಅಂಕ ಕೊಡುವವನಾದನು. ಕಿಟಕಿಯ ಆಚೆಯ ಕಚೇರಿ ಅಂಕ ಪಡೆಯುವ ವಿದ್ಯಾರ್ಥಿಯಾಯಿತು.

ಒಂದೇ ಫಲಿತವನ್ನು ಬೇರೆ ಬೇರೆಯವರಿಗೆ ಬೇರೆ ಬೇರೆಯಾಗಿ ಮುಟ್ಟಿಸಿದುದು ಈ ಪ್ರಯೋಗದ ಎರಡನೆಯ ವಿಶೇಷ. ನಗರದ ಒಂದು ಪ್ರಮುಖ ಇಂಗ್ಲಿಷ್ ದಿನಪತ್ರಿಕೆ ಪ್ರತಿ ವಾರವೂ ಒಂದೊಂದು ಸಂಸ್ಥೆಯ ಫಲಿತಾಂಶವನ್ನು ಪ್ರಕಟಿಸುತ್ತ ಹೋಯಿತು. 1999ರಲ್ಲಿ ಸಾರ್ವಜನಿಕ ಪ್ರಕಟಣೆಗೆ ಮೊದಲು ಮುಖ್ಯ ಸಂಸ್ಥೆಗಳ ಅಧಿಕಾರಿಗಳಿಗೆ ಅವರವರ ಸಂಸ್ಥೆಯ ವಿವರಗಳನ್ನು ಮಂಡಿಸಲಾಯಿತು. ಆಮೇಲೆ ಅಧಿಕಾರಿಗಳನ್ನೂ ನಾಗರಿಕ ಸಂಘಟನೆಗಳನ್ನೂ ಎದುರುಬದುರು ಕೂರಿಸಲಾಯಿತು. ಮೇಲಧಿಕಾರಿಗೆ ಬೇಕಾದುದು ಕೊರತೆ ಎಲ್ಲಿದೆ ಎಂಬ ವಿವರ. ನಾಗರಿಕನಿಗೆ ಬೇಕಾದುದು ತನ್ನ ಕಷ್ಟ ತನ್ನೊಬ್ಬನದಲ್ಲ ಎಂಬ ಅರಿವು. ಪತ್ರಿಕೆಗೆ ಬೇಕಾದುದು ಹೋಲಿಕೆ. ಮೂವರಿಗೂ ಒಂದೇ ದಪ್ಪ ಪುಸ್ತಕವನ್ನು ಕಳುಹಿಸಿದ್ದರೆ ಮೂವರೂ ಅದನ್ನು ಕಪಾಟಿನಲ್ಲಿಡುತ್ತಿದ್ದರು.

ಅಂಕಪಟ್ಟಿಯಲ್ಲಿ ತೀರಾ ಕೆಳಗಿದ್ದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಮುಖ್ಯಸ್ಥರೇ ಮೊದಲು ಸ್ಪಂದಿಸಿ, ಸುಧಾರಣೆಗೆ ಸಮೀಕ್ಷಕರ ನೆರವನ್ನು ಕೋರಿದರು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು ರಚಿಸಿತು. ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕ ಸಭೆಗಳಲ್ಲಿ ತಮ್ಮ ಕಾರ್ಯಸಾಧನೆಯನ್ನು ಮಂಡಿಸುವ ಪದ್ಧತಿ ಬಂದಿತು. 2003ರ ಸಮೀಕ್ಷೆಯಲ್ಲಿ ಜನರ ತೃಪ್ತಿಯ ಮಟ್ಟ ಗಮನಾರ್ಹವಾಗಿ ಏರಿತ್ತು. ಈ ಏರಿಕೆಯನ್ನು ಅಂಕಪಟ್ಟಿಯೊಂದರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ರಾಜಕೀಯ ಇಚ್ಛೆ, ಹೊಸ ತಂತ್ರಜ್ಞಾನ, ಅಧಿಕಾರಿಗಳ ಶ್ರಮ ಇವೆಲ್ಲವೂ ಅದರಲ್ಲಿ ಸೇರಿದ್ದವು. ಆದರೆ ಅಂಕಪಟ್ಟಿ ಇಲ್ಲದಿದ್ದರೆ ಏರಿತೋ ಇಳಿಯಿತೋ ಎಂದು ಹೇಳಲು ಆಧಾರವೇ ಇರುತ್ತಿರಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಅಂಕಪಟ್ಟಿಯಲ್ಲಿ ನಾಗರಿಕನ ಅನುಭವ ಶೇಕಡಾವಾರು ಅಂಕಿಯಾಗುತ್ತದೆ. ಅಂಕಿಯಾದುದರಿಂದಲೇ ಅದಕ್ಕೆ ಬಲ ಬಂದಿತು. ಅಂಕಿಯಾದುದರಿಂದಲೇ ಹೇಳಿದವನ ದನಿ ಅದರೊಳಗೆ ಅಡಗಿತು. ಪತ್ರಿಕೆ ಓದುವವನಿಗೆ ಫಲಿತ ಮುಟ್ಟಿತು. ಓದು ಬಾರದವನಿಗೆ ಅದನ್ನು ಯಾರಾದರೂ ಹೇಳಬೇಕಾಗಿತ್ತು.

ಕೇಳಿಸಿಕೊಳ್ಳುವ ಸಭೆ

ಅದೇ 1994ರ ಡಿಸೆಂಬರ್ 2ರಂದು, ಬೆಂಗಳೂರಿನಿಂದ ಬಹುದೂರದ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬ ಊರಿನಲ್ಲಿ ಒಂದು ಸಭೆ ಸೇರಿತು. ಅದನ್ನು ಕರೆದುದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಊರಿನ ಕೂಲಿಕಾರರು ಮತ್ತು ಸಣ್ಣ ರೈತರೊಡನೆ ಸೇರಿ 1990ರ ಮೇ 1ರಂದು ಕಟ್ಟಿದ ಸಂಘಟನೆ ಅದು. ಬರಗಾಲದ ಪರಿಹಾರ ಕಾಮಗಾರಿಗಳಲ್ಲಿ ಕನಿಷ್ಠ ಕೂಲಿಯನ್ನು ಕೇಳಿದಾಗಲೆಲ್ಲ ಕಾರ್ಮಿಕರು ಕೆಲಸವನ್ನೇ ಮಾಡಿಲ್ಲವೆಂಬ ಉತ್ತರ ಬರುತ್ತಿತ್ತು. ಮಾಡಿದ್ದಕ್ಕೆ ಸಾಕ್ಷಿ ಕಡತದಲ್ಲಿತ್ತು, ಕಡತ ಕಚೇರಿಯಲ್ಲಿತ್ತು. ಕಡತವನ್ನು ಕೇಳುವ ಹೋರಾಟ ಹುಟ್ಟಿದುದು ಈ ಕಾರಣದಿಂದ.

ಸಭೆಯ ವಿಧಾನ ಸರಳವಾಗಿತ್ತು. ಮಸ್ಟರ್ ರೋಲ್, ಬಿಲ್ಲು ಮತ್ತು ವೋಚರುಗಳ ವಿವರಗಳನ್ನು ಮೊದಲು ಪಡೆಯುವುದು. ಅವುಗಳನ್ನು ಹಿಡಿದು ಮನೆಮನೆಗೆ ಹೋಗಿ ವಿಚಾರಿಸುವುದು. ಆಮೇಲೆ ಬಯಲಿನಲ್ಲಿ ಶಾಮಿಯಾನ ಹಾಕಿ, ಊರಿನವರು, ಅಧಿಕಾರಿಗಳು, ಹೊರಗಿನಿಂದ ಬಂದ ಗಣ್ಯರ ಸಮ್ಮುಖದಲ್ಲಿ ದಾಖಲೆಯನ್ನು ಗಟ್ಟಿಯಾಗಿ ಓದುವುದು. ಹೆಸರು, ದಿನ, ಕೂಲಿ ಎಂದು ಓದುತ್ತ ಹೋದಂತೆ ಹೆಸರಿನವರೇ ಎದ್ದು ನಿಂತು ಉತ್ತರಿಸುತ್ತಿದ್ದರು. ಆ ಕೆಲಸಕ್ಕೆ ತಾನು ಹೋಗಿಯೇ ಇಲ್ಲವೆಂದು ಒಬ್ಬರು, ಆ ಹೆಸರಿನವರು ತೀರಿಹೋಗಿದ್ದಾರೆಂದು ಮತ್ತೊಬ್ಬರು, ಅಷ್ಟು ಕೂಲಿ ಕೈಗೆ ಬಂದಿಲ್ಲವೆಂದು ಇನ್ನೊಬ್ಬರು ಸಾಕ್ಷಿ ನುಡಿಯುತ್ತಿದ್ದರು. ಆಪಾದನೆಗೆ ಒಳಗಾದವರಿಗೂ ಉತ್ತರ ಹೇಳಲು ಅವಕಾಶವಿತ್ತು. ಕೋಟ್ ಕಿರಾಣಾದ ಬಳಿಕ 1995ರ ಏಪ್ರಿಲ್‌ವರೆಗೆ ಭೀಮ್, ವಿಜಯಪುರಾ, ಜವಾಜಾ ಮತ್ತು ಥಾನಾಗಳಲ್ಲಿ ಇಂತಹ ಸಭೆಗಳು ನಡೆದವು. ಮುಂದಿನ ವರ್ಷಗಳ ಕೆಲವು ಸಭೆಗಳ ಪರಿಣಾಮವಾಗಿ ಹಣವನ್ನು ಮರಳಿಸಿದ ಸರಪಂಚರೂ ಇದ್ದರು.

ಇಲ್ಲಿ ಒಂದು ಮೂಲಭೂತ ವ್ಯತ್ಯಾಸವನ್ನು ಗುರುತಿಸಬೇಕು. ಯೋಜನಾ ಆಯೋಗದ ವರದಿಯೂ ಬೆಂಗಳೂರಿನ ಅಂಕಪಟ್ಟಿಯೂ ಮೊದಲು ಸಿದ್ಧವಾಗಿ ಆಮೇಲೆ ಪ್ರಕಟವಾದವು. ಜನ ಸುನ್‌ವಾಯಿಯಲ್ಲಿ ವರದಿ ಹೇಳುವಾಗಲೇ ಪೂರ್ಣವಾಗುತ್ತದೆ. ಓದುವವರ ಕೈಯಲ್ಲಿರುವುದು ಅರ್ಧ ವರದಿ. ಉಳಿದರ್ಧ ಕೇಳುವವರ ನೆನಪಿನಲ್ಲಿದೆ. ‘ಸುನ್‌ವಾಯಿ’ ಎಂಬ ಮಾತಿನ ಅರ್ಥವೂ ಕೇಳುವಿಕೆ ಎಂದೇ. ಆದ್ದರಿಂದ ಇದನ್ನು ಅನಕ್ಷರಸ್ಥರಿಗಾಗಿ ಸರಳಗೊಳಿಸಿದ ವರದಿ ಎಂದು ತಿಳಿಯುವುದು ತಪ್ಪು. ಕಚೇರಿಯೊಳಗೆ ಪರಸ್ಪರ ಹೊಂದಿಕೊಂಡಿದ್ದ ಮಸ್ಟರ್ ರೋಲ್ ಮತ್ತು ಬಿಲ್ಲುಗಳಲ್ಲಿ ದೋಷ ಕಾಣದೆ ಹೋಗಬಹುದು. ಊರಿನ ಕಿವಿಗೆ ಬಿದ್ದಾಗ ಮಾತ್ರ ಸತ್ತವನ ಹೆಸರು ಸತ್ತವನದೆಂದು ಗೊತ್ತಾಗುತ್ತದೆ.

ಹೆಳವರ ಓದು ಮತ್ತು ಹೊಣೆ

ಈ ಬಗೆಯ ಓದು ಜಾನಪದಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ವಿಶೇಷವಾಗಿ ಕಾಣಸಿಗುವ ಹೆಳವರು ಎತ್ತಿನೊಡನೆ ಒಕ್ಕಲುಗಳ ಮನೆಗೆ ಬಂದು ಆ ಮನೆತನದ ವಂಶಾವಳಿಯನ್ನು ಹೇಳುವವರು. ಮೂಲಪುರುಷನಿಂದ ಇಂದಿನವರವರೆಗೆ ಹೆಸರುಗಳನ್ನು ಅವರು ಒಪ್ಪಿಸುವಾಗ ಮನೆಯ ಹಿರಿಯರು ಕೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುವಂತೆ ಹೇಳುತ್ತಾರೆ. ರಾಜಸ್ಥಾನದ ಭಾಟರು ತಮ್ಮ ಬಹಿಗಳನ್ನು ಯಜಮಾನರ ಮನೆಯಲ್ಲಿ ಓದುವುದೂ ಇದೇ ಬಗೆಯದು. ಜನ ಸುನ್‌ವಾಯಿ ಇವುಗಳಿಂದ ಹುಟ್ಟಿತೆಂಬುದು ಈ ಲೇಖನದ ವಾದವಲ್ಲ. ಓದಿ ಹೇಳಿದ ದಾಖಲೆಯನ್ನು ಕೇಳಿ ತಿದ್ದುವ ಶಕ್ತಿ ಅಕ್ಷರ ಬಾರದ ಸಮುದಾಯಗಳಲ್ಲಿ ಬಹುಕಾಲದಿಂದ ಇದೆ ಎಂಬುದಷ್ಟೇ ಇಲ್ಲಿನ ಮಾತು. ಶಂಕರ್ ಸಿಂಗ್ ಅವರು ಬೊಂಬೆಯಾಟ, ಹಾಡು, ವಿಡಂಬನೆಗಳನ್ನು ಬಳಸಿದಾಗ ಆ ಸಭಿಕರು ಅವುಗಳ ಭಾಷೆಯನ್ನು ಕಲಿಯಬೇಕಾಗಿರಲಿಲ್ಲ.

ಅಮೆರಿಕದ ಜಾನಪದ ವಿದ್ವಾಂಸ ರಿಚರ್ಡ್ ಬೌಮನ್ ಅವರು 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರದರ್ಶನವನ್ನು ವಿವರಿಸುವಾಗ, ಹೇಳುವವನು ತನ್ನ ಹೇಳಿಕೆಯ ಸಾಮರ್ಥ್ಯದ ಬಗ್ಗೆ ಕೇಳುಗರ ಮುಂದೆ ಹೊಣೆ ಹೊರುತ್ತಾನೆ ಎಂಬ ಅಂಶವನ್ನು ಕೇಂದ್ರದಲ್ಲಿಟ್ಟರು. ಅವರ ವಿಷಯ ಮೌಖಿಕ ಕಲೆ. ಆದರೆ ಆ ವಿಚಾರ ವರದಿಗೂ ಸಲ್ಲುತ್ತದೆ. ಅಂಚೆಯಲ್ಲಿ ಕಳುಹಿಸಿದ ವರದಿಯ ಕರ್ತೃವನ್ನು ಓದುಗ ತಡೆದು ಕೇಳಲಾರ. ಸಭೆಯಲ್ಲಿ ಓದುವವನನ್ನು ಕೇಳಬಲ್ಲ. ಆಡಳಿತದ ಭಾಷೆಯಲ್ಲಿ ಉತ್ತರದಾಯಿತ್ವವೆಂದು ಕರೆಯುವ ಗುಣಕ್ಕೆ ಬೇಕಾದ ಮೊದಲ ಷರತ್ತು ಎದುರಿಗೆ ಪ್ರಶ್ನಿಸುವವರು ಇರುವುದು.

ಹೆಳವರ ಉದಾಹರಣೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಹೆಸರುಗಳ ವಿಷಯದಲ್ಲಿ ಹೆಳವನನ್ನು ತಿದ್ದಬಹುದು. ಆದರೆ ಮನೆತನದ ಗುಣಗಾನದಲ್ಲಿ ಆತ ಕಡಿಮೆ ಮಾಡಲಾರ, ಏಕೆಂದರೆ ಕಾಳುಕಡಿ ಕೊಡುವವರು ಕೇಳುವ ಯಜಮಾನರೇ. ಇಲಾಖೆಯ ಹಣದಿಂದ ಇಲಾಖೆಯ ಕಾರ್ಯಕ್ರಮವನ್ನು ಅಳೆಯುವ ಮೌಲ್ಯಮಾಪಕನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಕೇಳುಗರು ಯಾರೆಂಬ ಪ್ರಶ್ನೆಯೊಡನೆ ಕೂಲಿ ಕೊಡುವವರು ಯಾರೆಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಕಾನೂನಾದ ಮೇಲೆ

1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಆರಂಭವಾದ ಧರಣಿ 40 ದಿನ ನಡೆಯಿತು. 2000ದಲ್ಲಿ ರಾಜಸ್ಥಾನವೂ ಕರ್ನಾಟಕವೂ ಮಾಹಿತಿ ಹಕ್ಕಿನ ಕಾಯಿದೆಗಳನ್ನು ಮಾಡಿದವು. 2005ರಲ್ಲಿ ಕೇಂದ್ರದ ಮಾಹಿತಿ ಹಕ್ಕು ಕಾಯಿದೆ ಬಂದಿತು. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ 17ನೆಯ ಪ್ರಕರಣವು ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕರ್ತವ್ಯವನ್ನಾಗಿ ಮಾಡಿತು. ಅವಿಭಜಿತ ಆಂಧ್ರಪ್ರದೇಶದಲ್ಲಿ 2006ರಿಂದ ಕೂಲಿಕಾರ ಕುಟುಂಬಗಳ ಓದುಬಲ್ಲ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದಾಖಲೆಗಳನ್ನು ಪರಿಶೀಲಿಸುವ ಕ್ರಮ ಬೆಳೆಯಿತು. ಊರಿನ ಸಭೆಯ ಬಳಿಕ ಮಂಡಲ ಮಟ್ಟದಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ಸಾರ್ವಜನಿಕ ಸಭೆ ನಡೆಯುತ್ತಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪರಿಶೋಧನಾ ನಿಯಮಗಳು, ಕಾಮಗಾರಿ ನಡೆಸುವವರಿಂದ ಸ್ವತಂತ್ರವಾದ ಘಟಕವನ್ನು ಪ್ರತಿ ರಾಜ್ಯವೂ ಹೊಂದಬೇಕೆಂದವು. ವರದಿ ಸ್ಥಳೀಯ ಭಾಷೆಯಲ್ಲಿರಬೇಕು, ಪಂಚಾಯಿತಿಯ ಸೂಚನಾ ಫಲಕದ ಮೇಲೆ ಅದನ್ನು ಹಾಕಬೇಕು ಎಂದೂ ವಿಧಿಸಿದವು. 1952ರಲ್ಲಿ ಯಾರಿಗೂ ಹೊಳೆಯದಿದ್ದ ಸಂಗತಿ ಸುಮಾರು 60 ವರ್ಷಗಳ ಅನಂತರ ನಿಯಮವಾಯಿತು. ಸಾಮಾಜಿಕ ಪರಿಶೋಧನೆಗೆಂದೇ ಪ್ರತ್ಯೇಕ ಕಾಯಿದೆಯನ್ನು ಮಾಡಿದ ಮೊದಲ ರಾಜ್ಯ ಮೇಘಾಲಯ, ಅದು 2017ರಲ್ಲಿ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಇದರೊಡನೆ ವಾರ್ಷಿಕ ಜಮಾಬಂದಿಯೂ ಸೇರಿಕೊಂಡಿತು. ಈ ಪದದ ಪಯಣ ಕುತೂಹಲಕರ. ಬ್ರಿಟಿಷರ ಕಾಲದಲ್ಲಿ ಜಮಾಬಂದಿ ಎಂದರೆ ರೈತ ಸರ್ಕಾರಕ್ಕೆ ಸಲ್ಲಿಸಬೇಕಾದ ಕಂದಾಯದ ವಾರ್ಷಿಕ ನಿರ್ಣಯ. ಪಂಚಾಯಿತಿಯ ಜಮಾಬಂದಿಯಲ್ಲಿ ಲೆಕ್ಕ ಒಪ್ಪಿಸಬೇಕಾದುದು ಪಂಚಾಯಿತಿ, ಕೇಳಬೇಕಾದವರು ಊರಿನವರು. ಪದ ಉಳಿದು ದಿಕ್ಕು ಬದಲಾಯಿತು.

ಆದರೆ ಕಾನೂನಾದ ರೂಪಕ್ಕೆ ಆಚರಣೆಯಾಗಿ ಒಣಗುವ ಅಪಾಯ ಯಾವಾಗಲೂ ಇರುತ್ತದೆ. ಹತ್ತು ಜನ ಸೇರಿ, ಹಾಜರಿ ಪುಸ್ತಕಕ್ಕೆ ರುಜು ಹಾಕಿ, ಛಾಯಾಚಿತ್ರ ತೆಗೆಸಿಕೊಂಡು ಎದ್ದರೂ ನಿಯಮ ಪಾಲನೆಯಾಗುತ್ತದೆ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯುಂಟು. ವರದಿ ಬರೆದವನು ಸಭೆ ಮುಗಿದ ಮೇಲೆ ಊರು ಬಿಡುತ್ತಾನೆ. ಸಾಕ್ಷಿ ನುಡಿದವಳು ಅದೇ ಊರಿನಲ್ಲಿ ಉಳಿಯುತ್ತಾಳೆ. ಮರುದಿನ ಅವಳು ಅದೇ ಸದಸ್ಯನ ಬಳಿ ಕೆಲಸ ಕೇಳಬೇಕು, ಅದೇ ಒಡೆಯನ ಹೊಲದ ಬದುವಿನಲ್ಲಿ ಹಾದುಹೋಗಬೇಕು. ಕಣದಲ್ಲಿ ತಡೆದು ಕೇಳುವ ಅವಕಾಶ ಎಲ್ಲರಿಗೂ ಇದ್ದರೂ ಧೈರ್ಯ ಎಲ್ಲರಿಗೂ ಸಮನಾಗಿ ಇರಲಿಲ್ಲ. ಆದುದರಿಂದ ಬಹಿರಂಗ ಓದಿನ ಜೊತೆಯಲ್ಲಿ ಮನೆಮನೆಯ ವಿಚಾರಣೆ, ಮಹಿಳೆಯರೊಡನೆ ಪ್ರತ್ಯೇಕ ಮಾತುಕತೆ, ಹೆಸರು ಹೇಳಲಾಗದವರ ಮಾತನ್ನು ಅಂಕಿಯಾಗಿ ಮಂಡಿಸುವ ಕ್ರಮ ಇವೂ ಬೇಕು. ಅಂಕಪಟ್ಟಿಯಲ್ಲಿ ದನಿ ಅಡಗುವುದನ್ನು ಮಿತಿಯೆಂದು ಮೇಲೆ ಹೇಳಲಾಯಿತು. ಭಯವಿರುವ ಕಡೆಯಲ್ಲಿ ಆ ಮಿತಿಯೇ ರಕ್ಷಣೆ.

ಉಪಸಂಹಾರ

ಮೂರು ಘಟ್ಟಗಳನ್ನು ಒಟ್ಟಿಗೆ ನೋಡಿದಾಗ ಒಂದು ಇನ್ನೊಂದನ್ನು ಅನವಶ್ಯಕಗೊಳಿಸಿತೆಂದು ತೋರುವುದಿಲ್ಲ. ನೀತಿ ರೂಪಿಸುವವರಿಗೆ ಹೋಲಿಕೆಯೂ ವಿಶ್ಲೇಷಣೆಯೂ ಇರುವ ಲಿಖಿತ ವರದಿ ಬೇಕು. ಸೇವೆ ಕೊಡುವ ಅಧಿಕಾರಿಗೆ ತನ್ನ ಕಚೇರಿಯ ಕೊರತೆಯನ್ನು ಸ್ಪಷ್ಟವಾಗಿ ತೋರಿಸುವ ಪಟ್ಟಿ ಬೇಕು. ಯಾರ ಹೆಸರಿನಲ್ಲಿ ಕಾರ್ಯಕ್ರಮ ನಡೆಯಿತೋ ಅವರಿಗೆ ಕೇಳಿ ತಿದ್ದುವ ಅವಕಾಶವಿರುವ ಓದು ಬೇಕು. ಕೊನೆಯದನ್ನು ಬಿಟ್ಟು ಮೊದಲ ಎರಡನ್ನು ಮಾಡಿದರೆ ವರದಿ ನೇರ್ಪಾಗಿರಬಹುದು. ಅದರ ಸತ್ಯಕ್ಕೆ ಸಾಕ್ಷಿಯಿರುವುದಿಲ್ಲ.

ಜಾನಪದ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಒಂದು ಹೊಣೆಯಿದೆ. ನಮ್ಮ ಗೀಗೀ ಮೇಳಗಳನ್ನೂ ಲಾವಣಿಕಾರರನ್ನೂ ಬೀದಿನಾಟಕದ ತಂಡಗಳನ್ನೂ ಸರ್ಕಾರಿ ಯೋಜನೆಗಳ ಪ್ರಚಾರಕ್ಕೆ ಬಳಸುವ ಪರಿಪಾಠ ದಶಕಗಳಿಂದ ನಡೆದುಬಂದಿದೆ. ಮುಂದೆ ಏನು ಕೊಡಲಾಗುವುದು ಎಂಬುದನ್ನು ಆ ಕಲಾವಿದರು ಊರೂರಿಗೆ ಹಾಡಿ ತಿಳಿಸಿದ್ದಾರೆ. ಕೊಟ್ಟದ್ದು ಏನಾಯಿತು ಎಂಬುದನ್ನು ಹಾಡುವ ಕೆಲಸವನ್ನು ಅವರಿಗೆ ವಹಿಸಿದ್ದು ಅಪರೂಪ. ಅಧ್ಯಯನ ಸಂಸ್ಥೆಗಳು ಮೌಲ್ಯಮಾಪನ ವರದಿಗಳನ್ನು ಕನ್ನಡದಲ್ಲಿ ತರುವುದರ ಜೊತೆಗೆ, ಅವುಗಳನ್ನು ಊರಿನ ಕಟ್ಟೆಯ ಮೇಲೆ ಓದಿದಾಗ ಯಾವ ಮಾತು ಒಪ್ಪಿತವಾಯಿತು, ಯಾವುದು ತಿದ್ದಲ್ಪಟ್ಟಿತು, ಯಾರು ಮಾತನಾಡಿದರು, ಯಾರು ಸುಮ್ಮನಿದ್ದರು ಎಂಬುದನ್ನೂ ದಾಖಲಿಸಿದರೆ ಅದು ಆಡಳಿತಕ್ಕೂ ಜಾನಪದಕ್ಕೂ ಸಮಾನವಾಗಿ ಉಪಯುಕ್ತವಾದ ಆಕರವಾಗುತ್ತದೆ. ಅಂತಹ ದಾಖಲೆಯಲ್ಲಿ ಸುಮ್ಮನಿದ್ದವರ ಪಟ್ಟಿಯನ್ನು ಮೊದಲು ಓದಬೇಕಾಗುತ್ತದೆ. ಮುಂದಿನ ಮೌಲ್ಯಮಾಪನ ಅವರ ಮನೆಯಿಂದ ಆರಂಭವಾಗಬೇಕು.